ಹೆಸರು ಕೂಗುವವಳ ಗಂಟಲು

ಮಾರ್ಚ್ 2, ಬೆಳಗ್ಗೆ

ಮತ್ತೆ ಉಪ್ಪುನೀರು ಮುಕ್ಕಳಿಸಿದೆ. ದನಿ ಹಾಗೇ ಇದೆ — ಸೀಳಿದ ಬಿದಿರು. ಮಗಳು ಅಡುಗೆಮನೆಯಿಂದಲೇ, "ಅಮ್ಮಾ, ಇನ್ನೂ ಶೀತ ಹೋಗಿಲ್ವಾ?" ಎಂದಳು. ಹೋಗುತ್ತೆ ಎಂದೆ. ಚಳಿಗಾಲದಿಂದ ಅದನ್ನೇ ಹೇಳುತ್ತಿದ್ದೇನೆ. ಶೀತವಾಗಿದ್ದರೆ ಇಷ್ಟು ಹೊತ್ತಿಗೆ ಹೋಗಬೇಕಿತ್ತು. ಗೊತ್ತು. ಗೊತ್ತಿರುವುದಕ್ಕೇ ಡಾಕ್ಟರ ಹತ್ತಿರ ಹೋಗುತ್ತಿಲ್ಲ.

ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡಿದ್ದ. ನಮ್ಮ ಹೆಂಗಸರ ಗಾಲ್ಫ್ ಟೂರ್ನಮೆಂಟಿಗೆ ಈ ಸಲ ಮೂವತ್ತನೆಯ ವರ್ಷ. ಆಟಗಾರ್ತಿಯರ ಹೆಸರು ಕೂಗುವುದರ ಜೊತೆಗೆ ಇತಿಹಾಸವನ್ನೂ ನಾನೇ ಮೈಕಿನಲ್ಲಿ ಹೇಳಬೇಕಂತೆ. "ಮೇಡಂ, ನಿಮ್ಮ ವಾಯ್ಸೇ ಅಲ್ವಾ ನಮ್ಮ ಬ್ರ್ಯಾಂಡು!"

ಮಾರ್ಚ್ 4

ಇತಿಹಾಸ ಬರೆಯಲು ಕೂತೆ. ಮೊದಲ ವರ್ಷದ್ದು ಕಣ್ಣಿಗೆ ಕಟ್ಟಿದಂತಿದೆ. ಗಾಲ್ಫನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಬೆರಳೆಣಿಕೆಯ ಹೆಂಗಸರು. ಮೈದಾನ ಬಿಟ್ಟರೆ ಕ್ಲಬ್ಬಿನ ಕಟ್ಟಡದೊಳಗೆ ಅವರಿಗೆ ಪ್ರವೇಶವಿಲ್ಲ. ಕಾರಿನ ಡಿಕ್ಕಿ ತೆರೆದು, ಅದರ ಅಂಚಿನಲ್ಲಿ ಕೂತು ಶೂ ಹಾಕಿಕೊಂಡರು. ಗೆದ್ದವರಿಗೆ ಕೊಡುವ ಕಪ್ ಕೂಡ ಈಜುಸ್ಪರ್ಧೆಯವರಿಂದ ಎರವಲು. ಮೇಲೆ ಈಜುತ್ತಿರುವ ಗಂಡಸಿನ ಗೊಂಬೆ.

ನಾನಾಗ ಕ್ಲಬ್ಬಿನ ಟೈಪಿಸ್ಟ್. ಆಟ ಶುರುವಾಗುವ ದಿಣ್ಣೆ — ಮೊದಲ ಟೀ ಎನ್ನುತ್ತಾರೆ — ಅಲ್ಲಿ ಮೈಕ್ ಹಿಡಿದಿದ್ದವನು ಸೆಕ್ರೆಟರಿ. ಉದ್ದಕ್ಕ ಬಂದು ನಿಂತಳು. (ಆರಡಿ ಆಳು, ಎಲ್ಲರಿಗೂ ಉದ್ದಕ್ಕ.) ಆತ ಅವಳನ್ನು "ಎಂಜಿನಿಯರ್ ಸಾಹೇಬರ ಶ್ರೀಮತಿ" ಎಂದು ಕೂಗಿದ. ಉದ್ದಕ್ಕ ಚೆಂಡು ಹೊಡೆಯಲಿಲ್ಲ.

"ಅದು ನಮ್ಮ ಯಜಮಾನ್ರ ವಿಷಯ ಆಯ್ತು. ಆಡೋಳು ನಾನು. ನನ್ನ ಹೆಸರು ಕೂಗಿ."

ಆತ ಹಲ್ಲು ಕಿರಿದ. ಉದ್ದಕ್ಕ ಹುಲ್ಲಿನ ಮೇಲೆ ಕೂತೇಬಿಟ್ಟಳು. ಹಿಂದಿದ್ದವರೂ ಕೂತರು. ನನಗೆ ಎಲ್ಲಿತ್ತೋ ಧೈರ್ಯ, ಮೈಕ್ ಕಿತ್ತುಕೊಂಡು ಅವಳ ಹೆಸರು ಕೂಗಿದೆ. ಎದ್ದು ಹೊಡೆದಳು. ಆ ವರ್ಷ ಗೆದ್ದಳು ಕೂಡ. ಅಂದಿನಿಂದ ಇಲ್ಲಿ ಒಂದು ಪದ್ಧತಿ. ಹೆಸರು ಕೂಗುವ ತನಕ ಯಾರೂ ಚೆಂಡು ಮುಟ್ಟುವುದಿಲ್ಲ. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವಂತೆಯೂ ಇಲ್ಲ. ಕೂಗುವವಳು ನಾನು.

ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಎರಡನೆಯ ಸಾಲಿಗೇ ದನಿ ಕೈಕೊಟ್ಟಿತು.

ಮಾರ್ಚ್ 11

ಮಗಳು ಎಳೆದುಕೊಂಡೇ ಹೋದಳು. ಮೂಗಿನಿಂದ ಕ್ಯಾಮೆರಾ ಬಿಟ್ಟರು. ಸ್ಕ್ರೀನಿನಲ್ಲಿ ಎರಡು ಬಿಳಿ ಪಟ್ಟಿ, ದನಿಯ ತಂತುಗಳಂತೆ. ಒಂದರ ಮೇಲೆ ಗಡ್ಡೆ. ಅಕ್ಕಿಕಾಳಿನಷ್ಟು.

"ತೆಗೀಬೇಕು. ತಡ ಮಾಡೋ ಹಾಗಿಲ್ಲ" ಎಂದರು ಡಾಕ್ಟರ್.

"ಮತ್ತೆ ನನ್ನ ದನಿ?"

"ಅದು ಆಮೇಲಿನ ಮಾತು. ಮೊದಲು ಇದೇನು ಅಂತ ನೋಡೋಣ."

ಇದೇನು ಅಂತ... ಆ ಶಬ್ದವನ್ನು ಅವರೂ ಆಡಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ.

ಕಾರಿನಲ್ಲಿ ಮಗಳು ಸಿಡಿದಳು. "ಆ ಟೂರ್ನಮೆಂಟೇನು ನಿನ್ನ ತಲೆ ಮೇಲೆ ನಿಂತಿದ್ಯಾ?" ಹೌದು ಎಂದೆ. ಕೊನೆಗೆ ರಾಜಿ — ಮೊದಲ ದಿನ ಹೆಸರು ಕೂಗುವುದು, ಮರುದಿನವೇ ಆಪರೇಷನ್. ಅಲ್ಲಿಯವರೆಗೆ ಬಾಯಿಗೆ ಬೀಗ.

ಮಾರ್ಚ್ 20

ಏನೂ ಬರೆಯಲಾಗಲಿಲ್ಲ. ತಟ್ಟೆ ಮುಂದಿಟ್ಟರೆ ಅನ್ನ ಇಳಿಯುವುದಿಲ್ಲ. ನುಂಗುವಾಗೆಲ್ಲ ಅದೇ ಯೋಚನೆ — ಬೆಳೆಯಿತಾ?

ಇತಿಹಾಸವನ್ನು ನೀನೇ ಓದು ಎಂದು ಮ್ಯಾನೇಜರನಿಗೆ ಮೆಸೇಜ್ ಮಾಡಿದೆ. ಶೀತ ಎಂದೆ. ಹೋದ ವರ್ಷದ ನನ್ನ ರೆಕಾರ್ಡಿಂಗ್ ಇದೆಯಲ್ಲ, ಹೆಸರುಗಳಿಗೂ ಅದನ್ನೇ ಹಾಕಲಾ ಎಂದು ಕೇಳಿದ. ಬೇಡವೆಂದು ಕೂಡಲೇ ಬರೆದೆ. ನಾನು ಬದುಕಿರುವಾಗಲೇ!

ಮಾರ್ಚ್ 23, ಸಂಜೆ

ಆಗಿಹೋಯಿತು.

ಮ್ಯಾನೇಜರ್ ಇತಿಹಾಸ ಓದಿದ. ಮಳೆಗೆ ಕೊಚ್ಚಿಹೋದ ಏಳನೆಯ ವರ್ಷ, ಟಿವಿಯವರು ಮೊದಲು ಬಂದ ವರ್ಷ, ಬಾಣಂತಿಯೊಬ್ಬಳು ಬಂದು ಗೆದ್ದ ವರ್ಷ — ಎಲ್ಲವೂ ಚೆನ್ನಾಗಿಯೇ ಬಂತು. ಮೊದಲ ವರ್ಷದ್ದನ್ನು ಮಾತ್ರ "ಒಂದು ಸಣ್ಣ ಗೊಂದಲದ ನಂತರ" ಎಂದು ಹಾರಿಸಿಬಿಟ್ಟ. ಬಾಯಿಗೆ ಬೀಗವಿತ್ತು, ಬಚಾವಾದ.

ಮೊದಲ ಚೆಂಡು ಮೊದಲ ಚಾಂಪಿಯನ್ನಿನದು. ಉದ್ದಕ್ಕ ಬಂದು ನಿಂತಳು. ಈಗ ಸ್ವಲ್ಪ ಬಾಗಿದ್ದಾಳೆ. ಮೈಕ್ ಬಾಯಿಗೆ ಹಿಡಿದೆ. ಗಾಳಿ ಬಂತು. ಮತ್ತೆ ಪ್ರಯತ್ನಿಸಿದೆ. ಬರೀ ಗಾಳಿ.

ಉದ್ದಕ್ಕ ಹೊಡೆಯಲಿಲ್ಲ. ಹೇಗೆ ಹೊಡೆದಾಳು? ಜನ ಸುಮ್ಮನಾದರು. ಒಬ್ಬ ಟೋಪಿ ತೆಗೆದ. ನೋಡನೋಡುತ್ತ ಎಲ್ಲರೂ ತೆಗೆದರು. ಮ್ಯಾನೇಜರ್ ಕಣ್ಣು ಮುಚ್ಚಿ ತಲೆ ತಗ್ಗಿಸಿದ. ಮೌನಾಚರಣೆ ಎಂದುಕೊಂಡಿದ್ದಾರೆ! ಇಲ್ಲಿ ನನಗೆ ಜೀವ ಬಾಯಿಗೆ ಬಂದಿದೆ, ಇವರು ಯಾರಿಗೋ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದಾರೆ. ನನಗೇ ಸಲ್ಲಿಸಿದಂತಾಯಿತು.

ಉದ್ದಕ್ಕ ಹತ್ತಿರ ಬಂದಳು. "ಗಂಟಲಾ?" ತಲೆಯಾಡಿಸಿದೆ.

"ಹೇಳೋಕೇನಾಗಿತ್ತು ನಿಂಗೆ? ಊರೋರ ಹೆಸರೆಲ್ಲ ಕೂಗ್ತೀಯ, ನಿನ್ನ ಕಷ್ಟ ಒಬ್ಬರ ಕಿವೀಲೂ ಹಾಕಲ್ಲ."

ನನ್ನ ಕೈಯಿಂದ ಮೈಕ್ ತೆಗೆದು, ಮುಂದಿನ ಸರದಿಯಲ್ಲಿದ್ದ ಹುಡುಗಿಗೆ ಕೊಟ್ಟಳು. ಹೋದ ವರ್ಷದ ಚಾಂಪಿಯನ್ ಅವಳು. ಅವಳು ಉದ್ದಕ್ಕನ ಹೆಸರು ಕೂಗಿದಳು. ಚೆಂಡು ಸೊಟ್ಟಗೆ ಹೋಗಿ ಬೇಲಿಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಪ್ರತಿಯೊಬ್ಬಳ ಹೆಸರನ್ನೂ ಅವಳ ಹಿಂದಿದ್ದವಳು ಕೂಗಿದಳು. ನಾನು ಸ್ಟೂಲಿನ ಮೇಲೆ ಕೂತು, ಮುಂದೆ ಯಾರೆಂದು ಬೆರಳು ತೋರಿಸುತ್ತಿದ್ದೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಹೊಟ್ಟೆಯೂ ಉರಿಯಿತು — ನಾನಿಲ್ಲದೆಯೂ ನಡೆಯುತ್ತದಲ್ಲ...

ಮಾರ್ಚ್ 24, ಆಸ್ಪತ್ರೆ

ಹಸಿರು ಗೌನು ಕೊಟ್ಟಿದ್ದಾರೆ. ಹಿಂದೆ ದಾರ ಕಟ್ಟಲು ಬರುತ್ತಿಲ್ಲ. ಮಗಳು ಕಟ್ಟಿದಳು. ಅವಳ ಕೈಯೂ ತಣ್ಣಗಿತ್ತು. ಭಯ. ಬೇರೇನೂ ಇಲ್ಲ, ಬರೀ ಭಯ.

ಏಪ್ರಿಲ್ 3

ರಿಪೋರ್ಟ್ ಬಂತು. ಅದೇ ಶಬ್ದ. ಆದರೆ ಪೂರ್ತಿ ತೆಗೆದಿದ್ದಾರಂತೆ, ತೆಗೆದ ಕಡೆಯ ಅಂಚಿನಲ್ಲಿ ಏನೂ ಉಳಿದಿಲ್ಲವಂತೆ. ಮಗಳು ಓದುತ್ತ ಓದುತ್ತ ಅತ್ತುಬಿಟ್ಟಳು. ಸಮಾಧಾನ ಮಾಡಲು ಮಾತಿಲ್ಲ, ಬೆನ್ನು ಸವರಿದೆ. ಇನ್ನೂ ಒಂದು ವಾರ ಪಿಸುಮಾತೂ ಆಡುವಂತಿಲ್ಲ. ದನಿಯ ಬಗ್ಗೆ ಡಾಕ್ಟರ್ ಇವತ್ತೂ ಭರವಸೆ ಕೊಡಲಿಲ್ಲ.

ಉದ್ದಕ್ಕ ಬಂದಿದ್ದಳು. ನಾನು ಮಾತಾಡದಿರುವುದನ್ನು ಚೆನ್ನಾಗಿ ಉಪಯೋಗಿಸಿಕೊಂಡು, ಸೊಂಟನೋವಿನ ಕಥೆಯನ್ನು ಪೂರ್ತಿ ಹೇಳಿ ಹೋದಳು.

ಏಪ್ರಿಲ್ 10, ಬೆಳಗ್ಗೆ

ಇವತ್ತು ಮಾತಾಡಬಹುದು. ಎದ್ದಾಗಿನಿಂದ ಬಾಯಿ ತೆರೆದಿಲ್ಲ. ತೆರೆಯುವವರೆಗೆ ದನಿ ಇದ್ದರೂ ಇರಬಹುದು. ತೆರೆದ ಮೇಲೆ...

ಮಗಳು ಎದುರಿಗೇ ಕೂತಿದ್ದಳು. "ಏನಾದ್ರೂ ಹೇಳಮ್ಮ. ಬೇಕಾದ್ರೆ ಬೈಯಿ." ಬರದಿದ್ದರೆ ಅವಳ ಮುಖ ನೋಡಲಾರೆ. ಹೊರಗೆ ಹೋಗು ಎಂದು ಕೈಸನ್ನೆ ಮಾಡಿದೆ. ಬಾಗಿಲು ಮುಚ್ಚಿಕೊಂಡು ಹೋದಳು. ಹೊರಗೇ ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಸದ್ದು ಕೇಳಿಸಿತು.

ಅವಳ ಹೆಸರನ್ನೇ ಕೂಗುತ್ತೇನೆ. ಕೇಳಿಸಿದರೆ ಬರುತ್ತಾಳೆ.

ಪೆನ್ನು ಬಿಟ್ಟರೆ ಹಿಡಿದುಕೊಳ್ಳಲು ಬೇರೇನೂ ಇಲ್ಲ.

ಕೂಗಿದೆ. ಏನು ಹೊರಬಂತೋ ನನಗೇ ತಿಳಿಯಲಿಲ್ಲ. ಆಚೆ ಕುರ್ಚಿ ಉರುಳಿದ ಸದ್ದು. ಓಡಿ ಬರುತ್ತಿದ್ದಾಳೆ.