ಆರು ಗಂಟೆಯಿಂದ ಆರು ನಿಮಿಷಕ್ಕೆ

ಜನವರಿ 21, ಮಂಗಳವಾರ. ಸಂಜೆ 4.10

ಶೇಕಡಾ 97ರಲ್ಲಿ ನಿಂತಿದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ ಬ್ಯಾಕಪ್, ಕಂಪ್ಯೂಟರಿನಿಂದ ಹೊರಗಿನ ಡಿಸ್ಕಿಗೆ. ಹಸಿರು ಪಟ್ಟಿ ಸ್ವಲ್ಪ ಸರಿಯುತ್ತದೆ, ನಿಲ್ಲುತ್ತದೆ. “ಉಳಿದದ್ದು 10 ನಿಮಿಷ” ಎಂದು ತೋರಿಸಿ ಮುಕ್ಕಾಲು ಗಂಟೆಯಾಯಿತು.

ಎಂ.ಎ. ಕನ್ನಡ ಓದಿದ್ದು ಇದನ್ನು ಕಾಯುವುದಕ್ಕೆ.

ಆತ್ರೇಯ ಸರ್ ಎರಡು ಸಲ ಬಂದು ಇಣುಕಿದರು. “ಇನ್ನೂ ಆಗ್ಲಿಲ್ವಾ? ಇಷ್ಟೊತ್ತಿಗೆ ನಾನು ಸಿಗಂದೂರಿಗೆ ಹೋಗಿ ಪ್ರಸಾದ ತಗೊಂಡು ಬಂದಿರ್ತಿದ್ದೆ.” ನಕ್ಕೆ. ಅವರ ಪ್ರತಿಷ್ಠಾನ, ಅವರ ಕಂಪ್ಯೂಟರ್. ಇಡೀ ಆಫೀಸಿಗೆ ಅದೊಂದೇ.

ಅದರೊಳಗಿರುವುದು ಮಾತ್ರ ಜಟ್ಟಿಂಗಪ್ಪ ಮೇಷ್ಟ್ರದ್ದು. ಹೊಸನಗರದ ಕಡೆಯ ಪ್ರೈಮರಿ ಶಾಲೆಗಳಲ್ಲಿ ಪಾಠ ಮಾಡುತ್ತ ನಲವತ್ತು ವರ್ಷ ಮಲೆನಾಡಿನ ಮಾತುಗಳನ್ನು ಬರೆದಿಟ್ಟವರು. ಚೀಟಿಗೊಂದು ಪದ. ಅರ್ಥ, ಹೇಳಿದವರ ಹೆಸರು, ಊರು. ಕೆಲವು ಪರೀಕ್ಷೆಯ ಉತ್ತರಪತ್ರಿಕೆಯ ಹಿಂಬದಿ, ಕೆಲವು ಮದುವೆ ಕರೆಯೋಲೆಯ ಮಗ್ಗುಲು. ಒಟ್ಟು ಮೂವತ್ತೊಂದು ಸಾವಿರ. ಆರು ತಿಂಗಳಿಂದ ಒಂದೊಂದನ್ನೇ ಸ್ಕ್ಯಾನ್ ಮಾಡುತ್ತಿದ್ದೇನೆ. ಇನ್ನು ಒಂದೇ ಡಬ್ಬ ಉಳಿದಿದೆ.

ಜನವರಿ 23

ಕೆಳಗಿನ ಕಂಪ್ಯೂಟರ್ ಅಂಗಡಿಯ ಯೋಗರಾಜ್ ಬಂದ. ಡಿಸ್ಕಿನ ವೈರನ್ನು ಮುಂದಿನ ಪೋರ್ಟಿನಿಂದ ಕಿತ್ತು ಹಿಂದಿನದಕ್ಕೆ ಹಾಕಿದ. ಕೇಬಲ್ ನೋಡಿ, “ಇದು ಎಲ್ಲಿ ಸಿಕ್ತು ಮೇಡಂ, ಮ್ಯೂಸಿಯಮ್ಮಲ್ಲಾ?” ಎಂದ. ಬೇರೆಯದು ಕೊಟ್ಟ. ಆ್ಯಂಟಿವೈರಸ್ ಪ್ರತಿ ಚೀಟಿಯನ್ನೂ ತಡೆದು ತಪಾಸಣೆ ಮಾಡುತ್ತಿತ್ತು. ಅದಕ್ಕೆ ಈ ಫೋಲ್ಡರ್ ಬಿಟ್ಟುಬಿಡು ಎಂದು ಹೇಳಿಕೊಟ್ಟ. ಆರು ಗಂಟೆ ನಾಲ್ಕಾಯಿತು.

“ನಿನ್ನೆ ಹೋಗಿದ್ದನ್ನೂ ಇವತ್ತು ಮತ್ತೆ ಕಾಪಿ ಮಾಡ್ತೀರಾ?”

ತಲೆಯಾಡಿಸಿದೆ.

“ಅಡಿಕೆ ಲಾರಿ ಇಳಿಸೋಕೆ ಒಂದೊಂದೇ ಅಡಿಕೆ ಕೈಲಿ ಹಿಡ್ಕೊಂಡು ಓಡ್ದಂಗಾಯ್ತು. ಅದೂ ದಿನಾ ಅದೇ ಲಾರಿ!”

ಅವನು ಹೋದ ಮೇಲೂ ಮುಖ ಬಿಸಿಯಾಗಿಯೇ ಇತ್ತು.

ಜನವರಿ 28

ಆರು ನಿಮಿಷ!

ಹೊಸದಾಗಿ ಸೇರಿದ್ದನ್ನಷ್ಟೇ ಒಯ್ಯುವ ಪ್ರೋಗ್ರಾಂ ಒಂದನ್ನು ನಾನೇ ಹುಡುಕಿದೆ. ಅದರಲ್ಲಿ ಎರಡು ಬಗೆ. ಒಂದು ಬರೀ ಸೇರಿಸುತ್ತ ಹೋಗುತ್ತದೆ. ಇನ್ನೊಂದು ಮಿರರ್ — ಕಂಪ್ಯೂಟರಿನಲ್ಲಿ ಇದ್ದದ್ದು ಇದ್ದ ಹಾಗೆ ಡಿಸ್ಕಿನಲ್ಲಿ. ಇಲ್ಲಿ ಇಲ್ಲದ್ದನ್ನು ಅಲ್ಲಿಯೂ ಅಳಿಸುತ್ತದೆ. ಚೀಟಿಗಳ ಹೆಸರು ತಿದ್ದಿದಾಗಲೆಲ್ಲ ಹಳೆಯ ಹೆಸರಿನದೂ ಡಿಸ್ಕಿನಲ್ಲಿ ಉಳಿದು ಗೊಂದಲವಾಗುತ್ತಿತ್ತು. ಮಿರರ್ ಆರಿಸಿದೆ.

ಯೋಗರಾಜ್ ಎಚ್ಚರಿಸಿದ. “ಇಲ್ಲಿ ಹೋದ್ರೆ ಅಲ್ಲೂ ಹೋಗುತ್ತೆ, ನೆನಪಿರ್ಲಿ. ಶುರುವಿಗೆ ಮೊದ್ಲು ಲೆಕ್ಕ ತೋರಿಸಿ ಕೇಳುತ್ತೆ. ನೋಡಿ ಓಕೆ ಕೊಡಿ.”

ಆತ್ರೇಯ ಸರ್ ಚಪ್ಪಾಳೆ ತಟ್ಟಿದರು. “ಎಂಎ ಕನ್ನಡ ಅಂದ್ರೆ ಬರೀ ಪದ್ಯ ಅಂದ್ಕೊಂಡಿದ್ದೆ!” ಖುಷಿಯಾಯಿತು. ಯಾರೂ ಓದುವುದಿಲ್ಲವೆಂದು ಬರೆಯುತ್ತಿದ್ದೇನೆ — ಬಹಳ ಖುಷಿಯಾಯಿತು.

ಫೆಬ್ರವರಿ 8, ಶನಿವಾರ

ಸ್ಕ್ಯಾನಿಂಗ್ ಮುಗಿಯಿತು. ಚೀಟಿಗಳನ್ನು ಒಯ್ಯಲು ಜಟ್ಟಿಂಗಪ್ಪ ಮೇಷ್ಟ್ರು, ಯಮುನಮ್ಮ ಇಬ್ಬರೂ ಬಂದಿದ್ದರು. ಆರು ತಗಡಿನ ಡಬ್ಬ.

“ಮನೆಗೆ ಎಂತಕ್ಕೆ ಹೊರೋದು ಮತ್ತೆ?” ಎಂದರು ಯಮುನಮ್ಮ. “ಒರಲೆ ಹುಳ ಇವ್ರ ಚೀಟಿ ತಿಂದು ಓದು ಕಲ್ತು, ಈಗ ಅಟ್ಟದ ತೊಲೆಗೆ ಹತ್ತಿದಾವೆ.”

ಮೇಷ್ಟ್ರು ನಗಲಿಲ್ಲ. ನನ್ನ ಕಡೆ ತಿರುಗಿದರು. “ಮಗಾ, ಎಲ್ಲಾ ಒಳಗೆ ಸೇರ್ತಲ?”

ತೋರಿಸಿದೆ. ಕಂಪ್ಯೂಟರಿನಲ್ಲೊಂದು ಪ್ರತಿ, ಡಿಸ್ಕಿನಲ್ಲೊಂದು. ಅವರು ಕನ್ನಡಕ ಏರಿಸಿ ‘ಗೊರಬು’ ಕೇಳಿದರು. ತೆರೆದೆ. ಮಳೆಗೆ ತಲೆ ಮೇಲೆ ಹಾಕಿಕೊಳ್ಳುವ ಎಲೆಯ ಹೊದಿಕೆ. ಹೇಳಿದವರು ಶೇಷಮ್ಮ, ನಾಟಿ ಗದ್ದೆಯಲ್ಲಿ. ಪರದೆಯ ಮೇಲೆ ತಮ್ಮದೇ ಅಕ್ಷರ. ಬಹಳ ಹೊತ್ತು ನೋಡಿದರು.

“ಹಂಗಾರೆ ಬಚ್ಚಲ ಒಲೆಗೆ ಹಾಕಿರೆ ಅಡ್ಡಿಲ್ಯ?”

ಆತ್ರೇಯ ಸರ್ ಒಳಗಿನಿಂದಲೇ, “ಇನ್ನು ಕಾಗದದ ಹಂಗೇ ಇಲ್ಲ ಮೇಷ್ಟ್ರೇ!” ಎಂದರು. ಆದರೆ ಮೇಷ್ಟ್ರು ನೋಡುತ್ತಿದ್ದುದು ನನ್ನ ಮುಖ.

ಒಂದು ಡಬ್ಬವನ್ನಾದರೂ ಇಟ್ಟುಕೊಳ್ಳಿ ಎನ್ನಬೇಕೆನಿಸಿತು. ತಲೆಯಾಡಿಸಿದೆ.

ಫೆಬ್ರವರಿ 20, ಗುರುವಾರ

ಇವತ್ತು ಬ್ಯಾಕಪ್ ನಲವತ್ತು ನಿಮಿಷ ತೆಗೆದುಕೊಂಡಿತು. ಆತ್ರೇಯ ಸರ್ ನಿನ್ನೆ ಸಂಜೆ ತಮ್ಮ ಸನ್ಮಾನದ ವಿಡಿಯೋಗಳನ್ನು ಕಂಪ್ಯೂಟರಿಗೆ ಹಾಕಿದ್ದಾರೆ. ಹಾರ, ಶಾಲು, ಡ್ರೋನ್ — ಎಲ್ಲ ಭಾರ.

ಶುರುವಿಗೇ ಲೆಕ್ಕ ತೋರಿಸಿ ಕೇಳಿತು. ಸೇರಿಸುವುದು: 3. ಅಳಿಸುವುದು: 12,416.

ದೊಡ್ಡ ಸಂಖ್ಯೆ. ಕೇಳೋಣವೆಂದು ಎದ್ದೆ. ಅವರ ಕೋಣೆಯಲ್ಲಿ ಅತಿಥಿಗಳು, ನಗು. ಬಾಗಿಲವರೆಗೆ ಹೋಗಿ ಬಂದೆ. ಸರ್ ಫೋಲ್ಡರ್ ಏನೋ ಅದಲು ಬದಲು ಮಾಡಿರಬೇಕು. ಓಕೆ ಒತ್ತಿದೆ.

ಮಾರ್ಚ್ 11, ಮಂಗಳವಾರ

ತೀರ್ಥಹಳ್ಳಿಯ ಪ್ರೆಸ್ಸಿನವರು ಮೊದಲ ಸಂಪುಟದ ಚೀಟಿಗಳನ್ನು ಕೇಳಿದರು. ಅ ಇಂದ ಅಃವರೆಗೆ ಕಳಿಸಿದೆ. ಆಮೇಲೆ ಕ.

ಕ ಇಲ್ಲ. ಗ ಇಲ್ಲ. ಚ, ಜ ಇಲ್ಲ. ಡಿಸ್ಕಿನಲ್ಲಿಯೂ ಇಲ್ಲ.

ಆತ್ರೇಯ ಸರ್‌ಗೆ ನೆನಪಿದೆ. “ವಿಡಿಯೋಗೆ ಜಾಗ ಸಾಲ್ಲಿಲ್ಲ. ಮುಗಿದಿದ್ದರಲ್ಲಿ ಒಂದಷ್ಟನ್ನ ತೆಗೆದೆ. ರೀಸೈಕಲ್ ಬಿನ್ನೂ ಖಾಲಿ ಮಾಡ್ದೆ. ಡಿಸ್ಕಲ್ಲಿ ಇರುತ್ತಲ್ಲ! ಅದಕ್ಕೇ ಅಲ್ವಾ ಬ್ಯಾಕಪ್ಪು?”

ಅದಕ್ಕೇ. ಅವರು ಇಲ್ಲಿ ಅಳಿಸಿದರು. ನಾನು ಅಲ್ಲಿ ಅಳಿಸಿದೆ. ನನ್ನದಕ್ಕೆ ಮಾತ್ರ ಮೊದಲು ಲೆಕ್ಕ ತೋರಿಸಿ ಕೇಳಿತ್ತು.

ಮಾರ್ಚ್ 12

ಯೋಗರಾಜ್ ರಿಕವರಿ ಸಾಫ್ಟ್‌ವೇರ್ ಓಡಿಸಿದ. ಇಡೀ ದಿನ. ಬಂದದ್ದು ನೂರ ನಲವತ್ತು ಫೈಲು, ಎಲ್ಲ ಒಡೆದವು. ಚೀಟಿಯ ಮೇಲಿನ ಸಾಲು ಕಾಣುತ್ತದೆ, ಕೆಳಗೆಲ್ಲ ಬೂದು. ಮಿಕ್ಕವುಗಳ ಜಾಗದಲ್ಲಿ ಸನ್ಮಾನ ಕೂತಿದೆ, ಎರಡೂ ಕಡೆ. “ಅಳಿಸಿದ ತಕ್ಷಣ ಕರೆದಿದ್ರೆ ಏನಾದ್ರೂ ಮಾಡಬಹುದಿತ್ತು ಮೇಡಂ” ಎಂದ. ಅವನು ಗದರಿದ್ದರೆ ಚೆನ್ನಾಗಿತ್ತು.

ಮೇಷ್ಟ್ರ ಮನೆಗೆ ಫೋನ್ ಮಾಡಿದೆ. ಯಮುನಮ್ಮ ಎತ್ತಿದರು. ಪುಸ್ತಕ ಬಂತಾ ಎಂದರು. ಡಬ್ಬಗಳೆಲ್ಲ ಖಾಲಿ, ಒಂದರಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದಾರಂತೆ. ವಿಷಯ ಹೇಳದೆ ಫೋನ್ ಇಟ್ಟುಬಿಟ್ಟೆ.

ಸಂಜೆ ಆತ್ರೇಯ ಸರ್ ಬಾಗಿಲು ಹಾಕಿ ಕೂರಿಸಿದರು. “ಕ ದಿಂದ ಜ ಅವರು ಕೊಡ್ಲೇ ಇಲ್ಲ ಅಂದ್ರಾಯ್ತು. ಎಪ್ಪತ್ತೆಂಟು ವರ್ಷ ಅವರಿಗೆ. ಮರೆತಿದ್ದಾರೆ ಅಂದ್ರೆ ಯಾರು ಇಲ್ಲ ಅಂತಾರೆ? ನೀನಂತೂ ಬಾಯಿ ಬಿಡೋಳಲ್ಲ, ಗೊತ್ತು ನಂಗೆ.”

ಸರಿಯಾಗಿ ಗೊತ್ತಿದೆ. ಈ ಕೆಲಸಕ್ಕೆ ನನ್ನನ್ನು ಆರಿಸಿದ್ದೂ ಅದಕ್ಕೇ ಇರಬೇಕು.

ಮಾರ್ಚ್ 15, ಶನಿವಾರ

ಮೇಳಿಗೆಗೆ, ಅಮ್ಮನ ಹತ್ತಿರ ಹೋಗುವ ವಾರ. ಅಲ್ಲಿಗೆ ಹೋಗದೆ ಮೇಷ್ಟ್ರ ಮನೆಗೆಂದು ಹೊಸನಗರದ ಬಸ್ ಹತ್ತಿದೆ.

ಮೇಷ್ಟ್ರು ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. “ಹ್ವಾಯ್, ಯಾರು ಬಂದಾರೆ ನೋಡೇ!” ಯಮುನಮ್ಮ ಪಾನಕ ತಂದರು. ಲೋಟ ಮುಗಿಸಿದೆ. ಆಮೇಲೆ ಹೇಳಿದೆ. ಹನ್ನೆರಡು ಸಾವಿರದ ನಾನೂರ ಹದಿನಾರು. ಸಂಖ್ಯೆಯನ್ನೂ ಹೇಳಿದೆ.

ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟರು. ಯಮುನಮ್ಮ ಬಚ್ಚಲ ಕಡೆ ನೋಡಿದರು. “ಒಲೆಗೆ ಹಾಕಿದ್ದು ನಾನು ಮಾರಾಯ್ತಿ. ಇವ್ರ ಕೈಲಿ ಆಗ್ಲಿಲ್ಲ. ಹೊರಗೆ ಹೋಗಿ ಕೂತಿದ್ರು.”

“ಆವತ್ತು ನೀ ತೋರಿಸಿದ್ಯಲ,” ಎಂದರು ಮೇಷ್ಟ್ರು. “ಇತ್ತಲ ಆಗ?”

“ಇತ್ತು ಸರ್.”

“ಮತ್ತೆ ಯಾರು ತೆಗ್ದಿದ್ದು?”

“ಆತ್ರೇಯ ಸರ್. ಅವರ ವಿಡಿಯೋಗೆ ಜಾಗ ಬೇಕಿತ್ತು.”

ಸುಳ್ಳಲ್ಲ. ಅರ್ಧ. ಉಳಿದರ್ಧ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ನನ್ನ ತಲೆ ಮೇಲೆ ಕೈ ಇಟ್ಟರು. “ಹೇಳಕ್ಕೆ ಇಷ್ಟು ದೂರ ಬಂದ್ಯಲ ಮಗಾ. ನಿಂದೆಂತ ತಪ್ಪು ಬಿಡು. ಸೋಮವಾರ ನಾ ಬರ್ತೆ.”

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದು ಬಂದರು. ಕಿಟಕಿ ಸೀಟು ಹಿಡಿದುಕೊಟ್ಟರು. ಬಸ್ ಹೊರಡಲು ಇಪ್ಪತ್ತು ನಿಮಿಷವಿತ್ತು. ಇಪ್ಪತ್ತು ನಿಮಿಷವೂ ಸುಮ್ಮನಿದ್ದೆ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 9.30

ಪ್ರೋಗ್ರಾಂ ಎಲ್ಲವನ್ನೂ ಬರೆದಿಡುತ್ತದಂತೆ. ಲಾಗ್ ಫೈಲ್. ಇವತ್ತೇ ತೆರೆದು ನೋಡಿದ್ದು. ಫೆಬ್ರವರಿ 20, ಬೆಳಿಗ್ಗೆ 11.42. ಅಳಿಸುವ ಮುನ್ನ ಕೇಳಲಾಯಿತು. ಒಪ್ಪಿಗೆ ಕೊಟ್ಟವರು: ಸುಪ್ರಿಯಾ. ನಾನೇ. ಕೆಳಗೆ ಒಂದೊಂದೇ ಚೀಟಿಯ ಹೆಸರು. ಕಂಬಳಿಕೊಪ್ಪೆ. ಕುಂಬ್ರಿ. ಕೂಣಿ.

ಇದೂ ಒಂದು ಫೈಲೇ. ಅಳಿಸಬಹುದು. ಆತ್ರೇಯ ಸರ್‌ಗೆ ಇದು ಇರುವುದೇ ಗೊತ್ತಿಲ್ಲ.

ಮೊದಲ ಪುಟ ಪ್ರಿಂಟ್ ತೆಗೆದೆ.

11.15

ಮೇಷ್ಟ್ರು ಬಂದರು, ಒಬ್ಬರೇ. ನೇರ ನನ್ನ ಮೇಜಿಗೆ. ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದರು. “ಎರಡು ದಿವಸ ಕೂತು ನೆನಪಾದಷ್ಟು ಬರ್ದೆ. ಇನ್ನೂರ ಹನ್ನೊಂದು. ಅವ್ರ ಕೈಗೆ ಕೊಡೂದಿಲ್ಲ. ನೀನೇ ಇಟ್ಕ.”

ಪ್ರಿಂಟಿನ ಮೇಲೆ ನನ್ನ ಅಂಗೈ ಇತ್ತು. ತೆಗೆಯುವಷ್ಟರಲ್ಲಿ ಅವರು ಆತ್ರೇಯ ಸರ್ ಕೋಣೆಗೆ ಹೋಗಿಯಾಗಿತ್ತು.

ನೋಟ್‌ಬುಕ್ ತೆರೆದೆ. ಪದ, ಅರ್ಥ, ಹೇಳಿದವರು. ಮೂರನೆಯ ಸಾಲಿನಲ್ಲಿ ಹೆಚ್ಚು ಕಡೆ ಬರೀ ಅಡ್ಡಗೆರೆ.

ಬಾಗಿಲು ಅರೆ ತೆರೆದಿದೆ. ಎಲ್ಲ ಕೇಳುತ್ತಿದೆ.

“ನೀವು ಕೊಟ್ಟೇ ಇಲ್ಲ ಮೇಷ್ಟ್ರೇ. ವಯಸ್ಸಾಯ್ತು, ಮರೆವು ಸಹಜ.”

“ಕೊಟ್ಟಿದೀನಿ. ಆ ಹುಡುಗಿ ಕಂಡಾಳೆ.”

“ಅವಳನ್ನೇ ಕೇಳಿ ಹಂಗಾದ್ರೆ. ಏನಂತಾಳೋ ನೋಡೋಣ.”

“ಅವಳ್ನ ಎಂತಕ್ಕೆ ಎಳೀತೀರಿ? ನನ್ನ ಒಂದು ಚೀಟಿನೂ ಕಳೆದೋಳಲ್ಲ ಅವಳು.”

ಕುರ್ಚಿ ಸರಿದ ಸದ್ದು.

“ಸುಪ್ರಿಯಾ! ಒಳಗೆ ಬಾ ಇಲ್ಲಿ.”

ಎದ್ದಿದ್ದೇನೆ, ನಿಂತೇ ಬರೆಯುತ್ತಿದ್ದೇನೆ. ಲಾಗ್ ಪ್ರಿಂಟಿನ ಕಾಗದ ಕೈಯಲ್ಲಿದೆ. ಮೊದಲು ಮೇಷ್ಟ್ರ ಕೈಗೆ ಕೊಟ್ಟು, ಆಮೇಲೆ —