ಅಳತೆಯ ದಿನ ನಳ ಬಿಡಬೇಡ

ಕೂಡಿಕೆಯ ವರ್ಷ ನೂರ ಮೂವತ್ತೊಂದು
ಎರಡನೆಯ ಬೇಸಿಗೆ, ಹತ್ತೊಂಬತ್ತನೆಯ ದಿನ
ಕೆಂಪಲಗಟ್ಟಿ

ಕೆಂಪಲಗಟ್ಟಿ ಪುರಸಭೆಯ ಏಳನೆಯ ವಾರ್ಡಿನ ಸದಸ್ಯೆ ನೀಲಗಂಗವ್ವನಿಗೆ, ಅವಳ ಮರಿಮಗಳ ಮಗಳು ಹೊಳೆಬಸವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವರು ಬರೆದಿದ್ದಾರೆಂದು ಕಾಗದ ಮಡಚಿಡಬೇಡ. ನಾವು ವರ್ಷ ಎಣಿಸುವುದು ನಮ್ಮೂರಿನ ಗಟಾರ ದೊಡ್ಡ ಜಾಲಕ್ಕೆ ಕೂಡಿದ ದಿನದಿಂದ. ಮಳೆಗಾಲ ಎಂಬ ಮಾತು ಪಂಚಾಂಗದಿಂದ ಬಿಟ್ಟುಹೋಗಿ ಬಹಳ ಕಾಲವಾಯಿತು. ಈಗಿರುವುದು ಮೊದಲನೆಯ ಬೇಸಿಗೆ, ಎರಡನೆಯ ಬೇಸಿಗೆ, ನಡುವೆ ಒಂದಿಷ್ಟು ಗಾಳಿ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಇನ್ನೊಂದು ಪೇಚು: ನೀನು ನಮ್ಮ ಅಜ್ಜಿಯ ಅಜ್ಜಿ. ಆದರೆ ಈ ಪತ್ರ ನಿನ್ನ ಕೈಸೇರುವಾಗ ನಿನಗೆ ಮೂವತ್ತಾರು, ನನಗೆ ಅರವತ್ತೆಂಟು. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಹೆಸರು ಹಿಡಿದೇ ಕರೆಯುತ್ತೇನೆ, ಸಿಟ್ಟಾಗಬೇಡ. ಸಿಟ್ಟಾಗುವ ಸರದಿ ನನ್ನದು.

ನಿಮ್ಮಲ್ಲಿ ಇವತ್ತು ಸೋಮವಾರ. ಬರುವ ಗುರುವಾರ ಜಾಲದವರು ನಿಮ್ಮೂರಿಗೆ ಬಂದು, ಮನೆಗೆ ಎಷ್ಟು ಹೊಲಸು ನೀರು ಹರಿಯುತ್ತದೆಂದು ಬೆಳಗಿನಿಂದ ಸಂಜೆಯವರೆಗೆ ಅಳೆಯುತ್ತಾರೆ. ಹನ್ನೊಂದು ಊರಿನ ಹೊಲಸು ನೀರನ್ನು ಒಂದೇ ದೊಡ್ಡ ಕೊಳವೆಯಲ್ಲಿ ಒಯ್ದು, ದೂರದ ಘಟಕದಲ್ಲಿ ಶುದ್ಧಮಾಡಿ, ಕಾರ್ಖಾನೆಗಳಿಗೆ ಮಾರುವುದು ಅವರ ಕಸುಬು. ನಿಮ್ಮೂರಿನ ಸ್ವಂತ ಘಟಕ ವಾರಕ್ಕೆರಡು ಸಲ ಕೆಟ್ಟು ನಿಲ್ಲುತ್ತದೆ, ಏಳನೆಯ ವಾರ್ಡಿನ ಬಚ್ಚಲುಗಳಲ್ಲಿ ಗಟಾರದ ನೀರು ಉಕ್ಕುತ್ತದೆ, ಇದೆಲ್ಲ ನನಗೆ ಗೊತ್ತು. ಕೂಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಕೂಡಿರಿ. ಹೊಸ ದರದ ಪಟ್ಟಿಯಲ್ಲಿ ಹೆಚ್ಚು ನೀರು ಕಳಿಸುವ ಊರಿಗೆ ಕಡಿಮೆ ದರ ಎಂದು ಬರೆದಿದೆಯಲ್ಲ, ನಾನು ಬರೆಯುತ್ತಿರುವುದು ಆ ಒಂದು ಸಾಲಿಗಾಗಿ. ಅದನ್ನು ಓದಿದ ಮೇಲೆ ನಿನ್ನ ತಲೆಯಲ್ಲಿ ಹೊಳೆದ ಜಾಣತನಕ್ಕಾಗಿ.

ನಾವು ಹೇಗಿದ್ದೇವೆ ಎಂದು ಮೊದಲು ಹೇಳುತ್ತೇನೆ. ಊರಿನಲ್ಲಿ ಈಗ ಉಳಿದಿರುವುದು ನಲವತ್ತೊಂದು ಮನೆ. ಪ್ರತಿ ಮನೆಗೂ ಒಂದು ಸುರಿಪಾಲು ಇದೆ. ಸುರಿಪಾಲು ಎಂದರೆ ಮನೆಯೊಂದು ದಿನವೂ ಗಟಾರಕ್ಕೆ ಕಳಿಸಲೇಬೇಕಾದ ನೀರು. ನಮ್ಮೂರಿನಲ್ಲಿ ಅದು ಮನೆಗೆ ಇಪ್ಪತ್ತೆಂಟು ಕೊಡ. ಬಚ್ಚಲಿನ ಬಾಯಲ್ಲಿ ಉಗುರಿನಷ್ಟು ಗಾಜಿನ ಚೂರು ಕೂರಿಸಿದ್ದಾರೆ, ಎಣಿಗಣ್ಣು ಅನ್ನುತ್ತೇವೆ. ಒಳಗೆ ಬಿದ್ದ ಪ್ರತಿ ತಂಬಿಗೆಯನ್ನೂ ಅದು ಎಣಿಸುತ್ತದೆ. ಪಾಲು ಕಡಿಮೆಯಾದರೆ ಒಣದರ ಬೀಳುತ್ತದೆ, ಅಂದರೆ ಕಳಿಸದ ನೀರಿಗೆ ಕಳಿಸಿದ್ದಕ್ಕಿಂತ ದುಬಾರಿ ದರ. ಆಮೇಲೂ ಕಡಿಮೆಯಾದರೆ ಕೊಳವೆಗೆ ಬಿರಡೆ ಜಡಿಯುತ್ತಾರೆ. ಬಿರಡೆ ಬಿದ್ದ ಮನೆಯಲ್ಲಿ ಯಾರೂ ಇರಕೂಡದೆಂದು ಕಾನೂನು. ಬಂದು, ಗಾಡಿ ಹತ್ತಿಸಿ, ಘಟಕದ ಹತ್ತಿರದ ಕೋಣೆಗಳಿಗೆ ಒಯ್ಯುತ್ತಾರೆ. ಹಾಗೆ ಹೋದವರು ಒಬ್ಬರೂ ತಿರುಗಿ ಬಂದಿಲ್ಲ.

ಆದ್ದರಿಂದ ಬಾವಿಯಿಂದ ಸೇದಿ ತಂದ ಒಳ್ಳೆಯ ನೀರನ್ನು ದಿನವೂ ಗಟಾರಕ್ಕೆ ಸುರಿಯುತ್ತೇವೆ. ನಗಬೇಡ. ನಮ್ಮಷ್ಟು ಸ್ವಚ್ಛವಾದ ದಿಕ್ಕೇಡಿಗಳನ್ನು ನೀನು ಕಂಡಿರಲಾರೆ. ದಿನಕ್ಕೆ ಮೂರು ಸಲ ಮೈ ತೊಳೆಯುತ್ತೇವೆ, ಕುಡಿಯುವುದನ್ನು ಮಾತ್ರ ಅಳೆದು ಕುಡಿಯುತ್ತೇವೆ. ಬೆವರಾಗಿ ಹೋಗುವ ನೀರು ಎಣಿಗಣ್ಣಿಗೆ ಕಾಣುವುದಿಲ್ಲವಲ್ಲ! ಊರಿನಲ್ಲಿ ಒಂದು ಗಿಡವಿಲ್ಲ. ಮಣ್ಣಿಗೆ ಹಾಕಿದ ನೀರು ಗಟಾರಕ್ಕೆ ಬರುವುದಿಲ್ಲವಾದ್ದರಿಂದ ಗಿಡ ಬೆಳೆಸುವುದು ನಮ್ಮಲ್ಲಿ ಕಳವಿನ ಲೆಕ್ಕ. ಪಕ್ಕದ ಮನೆಯ ಅಂಬೂಬಾಯಿ ಒಬ್ಬಳೇ ಇರುವವಳು, ಎರಡು ಕೊಡದಲ್ಲಿ ಅವಳ ದಿನ ಮುಗಿಯುತ್ತದೆ. ಉಳಿದ ಇಪ್ಪತ್ತಾರನ್ನು ಸುರಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹೋದ ವಾರ ಅರ್ಧಕ್ಕೇ ಕೊಡ ಕೆಳಗಿಟ್ಟು, "ಯವ್ವಾ ಹೊಳೆಬಸವ್ವಾ, ಇನ್ನ ನನ್ನ ಕೈಲಿ ಆಗಂಗಿಲ್ಲ. ಪಾಪ ಮಾಡಿದಂಗ ಆಗತೈತಿ" ಎಂದು ಬಚ್ಚಲಕಟ್ಟೆಯ ಮೇಲೆ ಕೂತು ಅತ್ತಳು. ಉಳಿದದ್ದನ್ನು ನಾನೇ ಸುರಿದೆ. ನೀಲಗಂಗಾ, ಕೊಡದಲ್ಲಿ ನನ್ನ ಮುಖ ಕಾಣುವಷ್ಟು ತಿಳಿಯಾಗಿತ್ತು ಆ ನೀರು.

ಇಪ್ಪತ್ತೆಂಟು ಎಲ್ಲಿಂದ ಬಂತು ಎಂದು ನನಗೆ ಹೇಳಿದವಳು ನಮ್ಮ ಅಜ್ಜಿ. ಅವಳಿಗೆ ಹೇಳಿದವಳು ನೀನೇ, ಮುಪ್ಪಿನಲ್ಲಿ, ನಗುನಗುತ್ತಾ. ಅಳತೆಯ ಗುರುವಾರ ನೀನು ಬೆಳಗಾದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಓಣಿ ಓಣಿ ತಿರುಗಿದೆಯಂತೆ. "ಎಲ್ಲಾ ನಳಾ ಬಿಡ್ರೆವ್ವಾ. ಇವತ್ತೊಂದಿನ ಕೈ ಬಿಚ್ಚಿ ಸುರೀರಿ, ಮುಂದ ನೂರು ವರ್ಷ ಸುಖದಾಗ ಇರತೀರಿ. ಯಾರೂ ಬಾಯಿ ಬಿಡಬ್ಯಾಡ್ರಿ ಮತ್ತ" ಎಂದು ಬಾಗಿಲು ಬಾಗಿಲಿಗೂ ಹೇಳಿದೆಯಂತೆ. ಜನ ಕೇಳಬೇಕೆ! ಹಂಡೆ, ಬಾನಿ, ತೊಟ್ಟಿ ಎಲ್ಲ ಬರಿದಾದವಂತೆ. ಬಣಗಾರರು ನೂಲಿಗೆ ಬಣ್ಣ ಹಾಕುವ ಬಾನಿಗಳನ್ನೇ ಬೋರಲು ಹಾಕಿ, ಗಟಾರ ಒಂದು ತಾಸು ಕೆಂಪಗೆ, ಒಂದು ತಾಸು ಹಸಿರಗೆ ಹರಿಯಿತಂತೆ. ಯಾರದೋ ಎಮ್ಮೆಗೆ ನಾಲ್ಕು ಸಲ ಮೈ ತೊಳೆದರಂತೆ. ಮಧ್ಯಾಹ್ನ ನಿಮ್ಮ ಓಣಿಯಲ್ಲಿ ಹೋಳಿಗೆಯಾಯಿತಂತೆ. ಸಂಜೆ ಜಾಲದವರು ಲೆಕ್ಕ ಹಾಕಿ, ಮನೆಗೆ ಇಪ್ಪತ್ತೆಂಟು ಕೊಡ ಎಂದು ಬರೆದು, ಕೆಳಗೆ ಪುರಸಭೆಯ ಪರವಾಗಿ ನಿನ್ನ ಸಹಿ ಪಡೆದರು. ಸಹಿಯ ಮೇಲೆ ಒಂದು ಸಣ್ಣ ಸಾಲಿತ್ತು: ಇದು ಈ ಊರಿನ ನಿತ್ಯದ ಹರಿವು, ಇದಕ್ಕೆ ಕಡಿಮೆಯಾಗದಂತೆ ಕಳಿಸಲು ಊರು ಬದ್ಧವಾಗಿದೆ. ನೀನು ಅದನ್ನು ಓದಲಿಲ್ಲ. ಓದಿದ್ದರೂ ನೀರು ತಗ್ಗುವ ದಿನ ಬಂದೀತೆಂದು ಆ ಹೋಳಿಗೆಯ ದಿನ ಯಾರಿಗೆ ಅನ್ನಿಸೀತು?

ನಿಮ್ಮ ನಿಜವಾದ ಹರಿವು ಮನೆಗೆ ಒಂಬತ್ತು ಕೊಡ. ನೀವು ಒಂದು ದಿನ ಮಾಡಿದ ಆಟವನ್ನು ನಾವು ದಿನವೂ ಆಡುತ್ತಿದ್ದೇವೆ, ಹೋಳಿಗೆಯಿಲ್ಲದೆ.

ಈಗ ನನ್ನ ಸಂಕಟ ಕೇಳು. ನನ್ನ ಮದುವೆಯಾದಾಗ ಬಣಗಾರ ಬಾವಿಯಲ್ಲಿ ಹದಿನಾಲ್ಕು ಮೆಟ್ಟಿಲು ನೀರಿತ್ತು. ಇವತ್ತು ಒಂದೂವರೆ ಮೆಟ್ಟಿಲು. ಒರತೆ ಸತ್ತಿಲ್ಲ, ದಿನಕ್ಕೆ ನಾಲ್ಕುನೂರು ಕೊಡ ಕೊಡುತ್ತದೆ. ಮನೆಗೆ ಒಂಬತ್ತರಂತೆ ಸುರಿದರೆ ನಲವತ್ತೊಂದು ಮನೆಯೂ ಬದುಕಿಕೊಳ್ಳುತ್ತವೆ. ಇಪ್ಪತ್ತೆಂಟರಂತೆ ಸುರಿದರೆ ಈ ತಿಂಗಳೊಳಗೆ ಬಾವಿಯ ತಳ ಕಾಣುತ್ತದೆ. ಆಮೇಲೆ ಬಿರಡೆ, ಆಮೇಲೆ ಗಾಡಿ. ನಾನು ಜಾಲದ ಕಚೇರಿಗೆ ಆರು ಸಲ ಹೋದೆ. ಅಳತೆಯ ದಿನದ ಕತೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಅಲ್ಲಿಯ ಹುಡುಗಿ ಕೆಟ್ಟವಳಲ್ಲ, ನೀರು ಕೊಟ್ಟು ಕೂರಿಸಿ ಕೇಳಿದಳು. ಕೊನೆಗೆ, "ಕತಿ ಛಲೋ ಐತಿ ಅಜ್ಜಿ. ಆದರ ನಿಮ್ಮ ಹಿರೇರು ಸಹಿ ಮಾಡಿದ ಕಾಗದ ನಮ್ಮ ಹತ್ರ ಐತಿ. ಅದು ಸುಳ್ಳು ಅಂತ ಅವರ ಕೈಬರಹದಾಗ ಏನರ ಐತೇನು?" ಎಂದಳು. ಬರುವ ಸೋಮವಾರ ಕೊನೆಯ ವಿಚಾರಣೆ. ಬಾಯಿಮಾತು ನಡೆಯುವುದಿಲ್ಲ, ಬರಹ ಬೇಕು. ಪುರಸಭೆಯ ಹಳೆಯ ಠರಾವು ಪುಸ್ತಕ ಪೂರ್ತಿ ತಿರುವಿ ಹಾಕಿದೆ, ಒಂದು ಸಾಲೂ ಸಿಗಲಿಲ್ಲ. ಇಡೀ ಊರು ಬಾಯಿ ಬಿಡಲಿಲ್ಲ. ನೀನು ಹೇಳಿದ ಮಾತನ್ನು ಅಷ್ಟು ಚೆನ್ನಾಗಿ ನಡೆಸಿದರು ಪುಣ್ಯಾತ್ಮರು.

ನನಗೆ ನಿನ್ನ ಮೇಲೆ ಕೆಂಡದಂಥ ಕೋಪವಿದೆ, ಮುಚ್ಚಿಡುವುದಿಲ್ಲ. ಒಂದೊಂದು ಕೊಡ ಬಗ್ಗಿಸುವಾಗಲೂ ನಿನಗೆ ಶಾಪ ಹಾಕಿದ್ದೇನೆ. ಆದರೂ ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಎರಡು ಬಾನಿ ಹೆಚ್ಚಿಗೆ ಸುರಿಸುತ್ತಿದ್ದೆ, ಅದೂ ಗೊತ್ತು. ನಿನ್ನ ವಾರ್ಡಿನ ಹೆಂಗಸರಿಗೆ ದರ ಇಳಿಯಲಿ ಎಂದು ತಾನೇ ಬಿಸಿಲಲ್ಲಿ ಓಡಾಡಿದೆ? ನಿನ್ನನ್ನು ಪೂರ್ತಿ ದ್ವೇಷಿಸಲೂ ಆಗುತ್ತಿಲ್ಲ, ಅದೊಂದು ಬೇರೆ ಉರಿ.

ಗುರುವಾರ ನಳ ಬಿಡಿಸಬೇಡ. ಇದು ನನ್ನ ಮೊದಲನೆಯ ಬೇಡಿಕೆ. ನೀನು ಕೇಳುವುದಿಲ್ಲ. ಕೇಳಿದ್ದರೆ ಇವತ್ತು ಬೆಳಿಗ್ಗೆ ನನ್ನ ಭುಜ ಹೀಗೆ ನೋಯುತ್ತಿರಲಿಲ್ಲ. ಆದ್ದರಿಂದ ಎರಡನೆಯದನ್ನು ಕೇಳುತ್ತೇನೆ, ಇದನ್ನಾದರೂ ಮಾಡು. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಒಂದು ಚೀಟಿಯಲ್ಲಿ ನಿನ್ನ ಕೈಯಾರೆ ಬರೆ: ಇವತ್ತು ನಾವು ಬೇಕೆಂದೇ ಎಲ್ಲ ನಳ ಬಿಟ್ಟಿದ್ದೆವು, ನಮ್ಮ ನಿತ್ಯದ ಹರಿವು ಮನೆಗೆ ಒಂಬತ್ತು ಕೊಡ. ತಾರೀಖು ಹಾಕಿ, ಕಾಗದಕ್ಕೆ ಮಾಡಿದ ಸಹಿಯನ್ನೇ ಮಾಡು. ಯಾರಿಗೂ ತೋರಿಸಬೇಡ, ನಿನ್ನ ಮಾನ ನಿನಗಿರಲಿ. ಕುಂಕುಮದ ಡಬ್ಬಿಯಲ್ಲಿ ಹಾಕಿ, ಹೊಸ್ತಿಲ ಬಲಗಡೆ ಮೂಲೆಯೊಡೆದ ಚಪ್ಪಡಿಯಿದೆಯಲ್ಲ, ಅದರ ಕೆಳಗೆ ಹೂಳು. ಮನೆ ಅದೇ ಮನೆ, ಚಪ್ಪಡಿ ಅದೇ ಚಪ್ಪಡಿ. ನಾನು ಈಗ ಅದರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಹಾರೆ ಗೋಡೆಗೆ ಆನಿಸಿದೆ.

ನಿನ್ನೆ ಅದನ್ನು ಎತ್ತಿ ನೋಡಿದೆ, ಒಣಮಣ್ಣು ಬಿಟ್ಟು ಏನೂ ಇರಲಿಲ್ಲ. ಆದರೆ ನಿನ್ನೆ ನಾನಿನ್ನೂ ನಿನಗೆ ಬರೆದಿರಲಿಲ್ಲ.

ನಿನ್ನ
ಹೊಳೆಬಸವ್ವ