ಉದ್ದವಾಗುತ್ತ ಹೋದ ಕೊಳಲು

ಶುವಾಂಗ್‌ಸಿ ಪೇಟೆ
ಅಕ್ಟೋಬರ್ ೧೯

ಶೌ ಅಣ್ಣನಿಗೆ, ಮೀಲಾನ್ ಮಾಡುವ ನಮಸ್ಕಾರ.

ಸ್ಪರ್ಧೆ ಮುಗಿದ ಮರುದಿನವೇ ಬರೆಯುತ್ತೇನೆಂದು ನಿನ್ನ ಸೊಸೆಗೆ ಮಾತು ಕೊಟ್ಟಿದ್ದೆ. ಮೂರು ವಾರ ಕಳೆಯಿತು. ಕಾಗದವೂ ಇತ್ತು, ಪುರುಸೊತ್ತೂ ಇತ್ತು. ಮೊದಲ ಸಾಲು ಮಾತ್ರ ಸಿಗಲಿಲ್ಲ. ಫೋನು ಮಾಡೋಣವೆಂದರೆ ನೀನು "ಹ್ಞೂಂ" ಬಿಟ್ಟು ಬೇರೆ ಆಡುವುದಿಲ್ಲ. ಲಕ್ವ ಹೊಡೆದ ಮೇಲೆ ಮಾತು ಇನ್ನೂ ನಾಲಿಗೆಗೆ ಸರಿಯಾಗಿ ಸಿಕ್ಕುತ್ತಿಲ್ಲವೆಂದು ಸೊಸೆ ಹೇಳಿದಳು. ನಾನು ಹೇಳಬೇಕಾದದ್ದು ಒಂದು "ಹ್ಞೂಂ" ಕೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಈ ಕಾಗದ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ಇದರ ಜೊತೆಗೆ ಒಂದು ಗಂಟು ಕಳಿಸಿದ್ದೇನೆ. ಒಣಗಿಸಿದ ಸಾಸಿವೆ ಸೊಪ್ಪು ನನ್ನದು. ಗಟ್ಟಿ ಚಿಪ್ಪಿನ ಹುರಿದ ಬೆಟ್ಟದ ಬೀಜ ನನ್ನ ಹಾಡಿನ ಜೋಡಿ ಆಫೆಂಗ್ ಕೊಟ್ಟದ್ದು. "ಬಲಗೈಯಿಂದಲೇ ಒಡೀಬೇಕಂತೆ ಅಂತ ಬರಿ. ಸೊಸೆ ಒಡೆದು ಬಾಯಿಗೆ ಹಾಕೋ ಹಾಗಿಲ್ಲ" ಎಂದಿದ್ದಾಳೆ. ನಿಂಗ್ಬೋದಲ್ಲಿ ಸಮುದ್ರದ ಮೀನು ತಿಂದು ನಿನಗೆ ನಮ್ಮ ಸೊಪ್ಪಿನ ರುಚಿ ಮರೆತಿರಬಹುದು. ಹಂದಿ ಮಾಂಸದ ಜೊತೆ ಹಬೆಯಲ್ಲಿ ಬೇಯಿಸಲು ಹೇಳು, ಎಣ್ಣೆ ಕಡಿಮೆ.

ಹೊಳೆದಂಡೆಯ ನಮ್ಮ ಮಂಟಪಕ್ಕೆ ಹೊಸ ಹೆಂಚು ಬಂದಿದೆ. ಈಗ ಮಳೆ ಬಂದರೂ ಹಾಡು ನಿಲ್ಲುವುದಿಲ್ಲ. ನೀನು ಮಗನ ಮನೆಗೆ ಹೋದಮೇಲೆ ಪಿಟೀಲು ನುಡಿಸುವವರಿರಲಿಲ್ಲ, ಬೇಸಗೆ ಪೂರ್ತಿ ಆಗೆನ್‌ನ ಕೊಳಲೊಂದರ ಮೇಲೆಯೇ ನಾನೂ ಆಫೆಂಗ್‌ಳೂ ಅಭ್ಯಾಸ ಮಾಡಿದೆವು. ಟೇಪಿನ ಡಬ್ಬಿ ತಂದುಕೊಳ್ಳಿ ಎಂದು ಯಾರೋ ಹೇಳಿದರು. ಉಸಿರು ಕೇಳಿಸಿಕೊಳ್ಳದ ಸಂಗೀತದ ಜೊತೆ ನಾನು ಹಾಡುವುದಿಲ್ಲ ಎಂದು ನಿನಗೆ ಗೊತ್ತೇ ಇದೆ.

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಲು ಬಂದ ದಿನ ನಿನಗೆ ನೆನಪಿದೆಯೋ ಇಲ್ಲವೋ. ಈ ವರ್ಷ ಗೆದ್ದ ಜೋಡಿಗೆ ಹೊಸವರ್ಷದ ಹಬ್ಬದಲ್ಲಿ ಜಿಲ್ಲೆಯ ವೃತ್ತಿ ಸಂಗೀತನಾಟಕ ಮಂಡಳಿಯ ಜೊತೆ, ಅವರದೇ ವೇಷ, ಅವರದೇ ವಾದ್ಯದವರೊಂದಿಗೆ, ಒಂದು ಇಡೀ ಅಂಕ ಹಾಡುವ ಅವಕಾಶವಿದೆ, ನಾವು ಹೆಸರು ಕೊಟ್ಟಿದ್ದೇವೆ ಎಂದು ಹೇಳಲು ಬಂದಿದ್ದೆ. ರೇಷ್ಮೆ ಗಿರಣಿಯಲ್ಲಿದ್ದಾಗಿನಿಂದ ನಾನು ಬೇಡಿದ್ದು ಇದೊಂದೇ. ಹತ್ತಿಯ ಕೋಟು ತೊಟ್ಟು ಮಂಟಪದಲ್ಲಿ ಹಾಡಿದ್ದು ಸಾಕಷ್ಟಾಯಿತು. ಒಮ್ಮೆ ಉದ್ದ ತೋಳಿನ ರೇಷ್ಮೆ ನಿಲುವಂಗಿ ತೊಟ್ಟು, ಪರದೆ ಸರಿಯುವುದನ್ನು ಒಳಗಿನಿಂದ ನೋಡಬೇಕು. ಅದನ್ನು ಕೇಳಿ ನೀನು ಎಡಗೈ ಎತ್ತಿ, ಅಂಗೈ ನೆಲಕ್ಕೆ ಮಾಡಿ, ಮೆಲ್ಲಗೆ ಕೆಳಗಿಳಿಸಿದೆ. ನಿನ್ನ ಸೊಸೆ ಮಂಚದ ಹಿಡಿ ತಿರುಗಿಸಿ ತಲೆಯ ಕಡೆ ಸ್ವಲ್ಪ ಇಳಿಸಿದಳು. ನೀನು ತಲೆ ಅಲ್ಲಾಡಿಸಿ ಮತ್ತೆ ಕೈ ಇಳಿಸಿದೆ. ಅವಳು ಮತ್ತೂ ಇಳಿಸಿದಳು. ಕೊನೆಗೆ ನೀನು ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡೆ. "ಮಾವನಿಗೆ ನಿದ್ದೆ ಬಂದಿದೆ ಅತ್ತೆ" ಎಂದಳು. ನಾನು ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಬಂದೆ.

ಇನ್ನು ಸ್ಪರ್ಧೆಯ ಸುದ್ದಿ. ಸಾಂಸ್ಕೃತಿಕ ಭವನ ತುಂಬಿತ್ತು. ಒಂದೇ ಕನ್ನಡಿಗೆ ಎಂಟು ಮುಖ. ಅರವತ್ತನಾಲ್ಕರ ನಾನು ಪರೀಕ್ಷೆಗೆಂದು ರಾಜಧಾನಿಗೆ ಹೊರಟ ಹತ್ತೊಂಬತ್ತರ ಹುಡುಗ, ಅರವತ್ತರ ಆಫೆಂಗ್ ನನ್ನ ಹದಿನಾರರ ಹೆಂಡತಿ. ದೋಣಿಕಟ್ಟೆಯಲ್ಲಿ ಬೀಳ್ಕೊಡುವ ದೃಶ್ಯ.

"ಯಜಮಾನ್ರೇ, ಹಣೆ ಒರೆಸ್ಕೊಳಿ. ಬಣ್ಣ ಮೂಗಿನ ಮೇಲೆ ಇಳೀತಿದೆ" ಎಂದಳು ಆಫೆಂಗ್.

"ಗಂಡನ ಮೂಗು ನೋಡೋದು ಬಿಟ್ಟು ನಿನ್ನ ಸೊಂಟದ ಪಟ್ಟಿ ಬಿಗಿ ಮಾಡ್ಕೋ. ಹದಿನಾರಕ್ಕೆ ಇಷ್ಟು ಹೊಟ್ಟೆ ಇರಲ್ಲ" ಎಂದೆ.

ಆಗೆನ್ ಪರದೆಯ ಪಕ್ಕಕ್ಕೆ ಬಂದು ವಾದ್ಯದವರ ಹತ್ತಿರ ಏನೋ ಹೇಳಲು ನೋಡುತ್ತಿದ್ದ. ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡವನೊಬ್ಬ ತಡೆದ. "ಕೊಳಲಿನವ್ರು ನಮ್ಮಲ್ಲೇ ಇದ್ದಾರೆ ತಾತ, ಹೋಗಿ ಕೂತ್ಕೊಳಿ."

ಪಿಟೀಲಿನ ಮುಂದಾಳು ಕನ್ನಡಕದ ಹೆಂಗಸು. ಮಂಡಳಿಯವಳು. ತಲೆಯೆತ್ತದೆ ಕೇಳಿದಳು. "ಶ್ರುತಿ ಯಾವ್ದಮ್ಮಾ?"

"ಇ" ಎಂದಳು ಆಫೆಂಗ್, ಮೆಲ್ಲಗೆ.

"ಜಿ" ಎಂದೆ ನಾನು, ಅದಕ್ಕಿಂತ ಎತ್ತರದ್ದು.

"ಯಾವ್ದಾದ್ರೂ ಒಂದು ಹೇಳಿ. ಹಿಂದೆ ಇನ್ನೂ ಎಷ್ಟೋ ಜೋಡಿ ಕಾಯ್ತಿದೆ."

"ಜಿ. ಗಿರಣಿ ಕಾಲದಿಂದ್ಲೂ ನಂದು ಎತ್ತರದ ಶ್ರುತಿ. ಬೇಕಾದ್ರೆ ನಮ್ಮ ಮಂಟಪದಲ್ಲಿ ಯಾರನ್ನಾದ್ರೂ ಕೇಳಿ."

ಅವಳು ಕನ್ನಡಕದ ಮೇಲಿನಿಂದ ಆಫೆಂಗ್‌ಳನ್ನು ನೋಡಿದಳು. ಆಫೆಂಗ್ ಬೀಸಣಿಗೆಯ ಕಡ್ಡಿ ಎಣಿಸುವವಳಂತೆ ತಲೆ ತಗ್ಗಿಸಿದಳು. ಹೆದರಿದ್ದಾಳೆ ಎಂದುಕೊಂಡೆ.

ಪಿಟೀಲು ಎದ್ದಿತು. ಚೆನ್ನಾಗಿಯೇ ಇತ್ತು ಅಣ್ಣ, ಹೊಳೆಯುವ ನಾದ. ಆದರೆ ನನಗೆ ಬೇರೆಯವರ ಚಪ್ಪಲಿ ಮೆಟ್ಟಿದಂತಾಯಿತು. ಮೊದಲ ಪದ್ಯ ಹೆಂಡತಿಯದು. ಆಫೆಂಗ್ ಅದನ್ನು ಎಳೆ ಎಳೆಯಾಗಿ, ಗಂಟಲಿನ ತುದಿಯಲ್ಲಿ ದಾಟಿಸಿ, ನನ್ನತ್ತ ತಿರುಗಿ ಬೇಡಿಕೊಳ್ಳುವವಳ ಹಾಗೆ ನೋಡಿದಳು. ಎಂಥ ಅಭಿನಯ ಎಂದು ನಾನು ಮೆಚ್ಚಿದೆ. ಆಮೇಲೆ ನನ್ನ ಸಾಲು. ಹೊಳೆ ಹಿಂದಕ್ಕೆ ಹರಿದರೂ ನಾನು ಮರಳಿ ಬರುವೆ. "ಮರಳಿ" ಎಂಬಲ್ಲಿ ಧ್ವನಿ ಏರಬೇಕು. ನಿನಗಿಂತ ಚೆನ್ನಾಗಿ ಅದನ್ನು ಬಲ್ಲವರಾರು? ನಾನು ಬಾಯಿ ತೆರೆದೆ. ಗಾಳಿ ಬಂತು, ಸ್ವರ ಬರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ "ಭಲೇ" ಎಂದ. ತಪ್ಪಿದವರಿಗೆ ಭಲೇ ಎನ್ನುವ ನಮ್ಮ ಜನರ ಚಾಳಿ. ನಾನೂ ಎಷ್ಟು ಜನಕ್ಕೆ ಹಾಗೆ ಕೂಗಿಲ್ಲ. ಸಭೆ ನಕ್ಕಿತು. ಕನ್ನಡಕದವಳು ಒಳ್ಳೆಯವಳು, ಅದೇ ಸಾಲನ್ನು ಮತ್ತೊಮ್ಮೆ ನುಡಿಸಿ ನನಗಾಗಿ ಬಾಗಿಲು ತೆರೆದಿಟ್ಟಳು. ಎರಡನೆಯ ಸಲವೂ ಗಾಳಿಯೇ. ಆಗ ಆಫೆಂಗ್ ಮುಂದೆ ಬಂದು ನನ್ನ ತೋಳು ಹಿಡಿದು, ಆ ಸಾಲನ್ನು ತಾನೇ ಹಾಡಿದಳು, ಕೆಳಗಿನ ಸ್ಥಾಯಿಯಲ್ಲಿ. ಹೊಳೆ ಹಿಂದಕ್ಕೆ ಹರಿದರೂ ನೀನು ಮರಳಿ ಬರುವೆ. ಗಂಡ ಕೊಡಬೇಕಾದ ಭಾಷೆಯನ್ನು ಹೆಂಡತಿಯೇ ತನಗೆ ಕೊಟ್ಟುಕೊಂಡಳು. ಅದಕ್ಕೆ ನಿಜವಾದ ಚಪ್ಪಾಳೆ ಬಿತ್ತು. ಆದರೆ ಸ್ಪರ್ಧೆ ಸ್ಪರ್ಧೆಯೇ. ತೀರ್ಪುಗಾರರು "ಹಿರಿಯರ ಉತ್ಸಾಹ ದೊಡ್ಡದು" ಎಂದರು. ಹಾಗೆಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದ ಜೋಡಿ ಪಕ್ಕದ ಊರಿನದು, ನಮಗಿಂತ ತಗ್ಗಿನ ಶ್ರುತಿಯಲ್ಲಿ ಹಾಯಾಗಿ ಹಾಡಿದರು. ಅವರು ಗೆಲ್ಲಬೇಕಾದವರೇ.

ಮಧ್ಯಾಹ್ನದ ಬಸ್ಸಿನಲ್ಲಿ ಮೂವರೂ ವಾಪಸಾದೆವು. ಊರು ದಾಟಿದ ಮೇಲೆ ಆಫೆಂಗ್ ಹೇಳಿದಳು. "ಮೀಲಾನಕ್ಕ, ನನ್ನ ಗಂಟಲು ಕೆಟ್ಟಿತ್ತು, ಅದಕ್ಕೆ ನಿನ್ನ ಹಾಡೂ ಕೆಡ್ತು ಅಂತ ಹೇಳ್ಬಿಡೋಣ. ನಾನೂ ಹಾಗೇ ಹೇಳ್ತೀನಿ."

"ಸುಳ್ಳು ಯಾಕೆ? ಆ ಕನ್ನಡಕದವಳಿಗೆ ಶ್ರುತಿ ಕೂಡಿಸೋಕೆ ಬರಲ್ಲ. ಜಿ ಅಂದ್ರೆ ಆಕಾಶಕ್ಕೆ ಏಣಿ ಹಾಕಿದ್ಲು. ಶೌ ಅಣ್ಣ ಇದ್ದಿದ್ರೆ ತೋರಿಸ್ತಿದ್ದ, ಜಿ ಅಂದ್ರೆ ಏನು ಅಂತ."

ಮುಂದಿನ ಸೀಟಿನಲ್ಲಿದ್ದ ಆಗೆನ್ ಹಿಂದಕ್ಕೆ ತಿರುಗಿದ. "ಅವಳು ನುಡಿಸಿದ್ದು ಜಿ ನೇ, ಮೀಲಾನ್."

"ಹಾಗಾದ್ರೆ ನಾವು ಮಂಟಪದಲ್ಲಿ ಹಾಡ್ತಿದ್ದಿದ್ದು?"

ಅವನು ಬಟ್ಟೆಯ ಚೀಲ ಬಿಚ್ಚಿ ಮೂರು ಕೊಳಲು ತೆಗೆದು, ನನ್ನ ಮಡಿಲಲ್ಲಿ ಒಂದರ ಪಕ್ಕ ಒಂದಿಟ್ಟ. ಚಿಕ್ಕದು, ನಡುವಿನದು, ಉದ್ದದ್ದು. ಚಿಕ್ಕದರ ರಂಧ್ರಗಳಲ್ಲಿ ಧೂಳು ಕೂತಿತ್ತು. ಕೊಳಲು ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ ಎಂದು ಮಕ್ಕಳಿಗೂ ಗೊತ್ತು.

ನನಗೆ ಮೊದಲು ನೆನಪಾದದ್ದು ಯಾವುದು ಹೇಳಲೇ? ಒಂದು ವಸಂತದಲ್ಲಿ ಎಲ್ಲರ ಎದುರಿಗೆ ನಾನೇ ಕೇಳಿದ್ದೆ, "ಏನೋ ಆಗೆನ್, ಕೊಳಲಿಗೆ ದಿನಾ ನೀರು ಹಾಕ್ತೀಯಾ? ಬೆಳೀತಾನೇ ಇದೆಯಲ್ಲೋ." ಮಂಟಪವಿಡೀ ಬಿದ್ದು ಬಿದ್ದು ನಕ್ಕಿತು. ನನ್ನ ಮಾತಿನ ಚುರುಕಿಗೆ ನಕ್ಕರೆಂದು ನಾನೂ ನಕ್ಕೆ. ನೀನೊಬ್ಬ ನಗಲಿಲ್ಲ. ಬಗ್ಗಿ ಬಿರಡೆ ತಿರುಗಿಸುತ್ತಿದ್ದೆ.

ಹಾಗಾದರೆ ಮಂಟಪದ ಎದುರಿನ ಚಹಾ ಅಂಗಡಿಯವನಿಗೂ ಗೊತ್ತಿತ್ತು. ನನಗೊಬ್ಬಳಿಗೆ ಬಿಟ್ಟು.

ಎರಡು ದಿನ ನಿನ್ನ ಮೇಲೆ ವಿಪರೀತ ಕೋಪ ಬಂದಿತ್ತು. ಮೂರನೆಯ ದಿನ ಆಫೆಂಗ್ ಅಕ್ಕಿಕಡುಬು ತಂದುಕೊಟ್ಟು ಹೊಸಲಲ್ಲೇ ಕುಳಿತಳು. "ನಿಂಗೆ ಯಾರು ಹೇಳ್ತಾರಕ್ಕ? ನಾನೊಂದ್ಸಲ ಶ್ರುತಿ ಸ್ವಲ್ಪ ಇಳಿಸೋಣ್ವಾ ಅಂದಿದ್ದಕ್ಕೆ, ನೀನು ಕೊಡೆ ಹಿಡ್ಕೊಂಡು ಸ್ನಾನ ಮಾಡೋ ಪುಕ್ಕಲಿ ಅಂದೆ. ಆ ಹೆಸರು ನಂಗೆ ಎರಡು ವರ್ಷ ಅಂಟ್ಕೊಂಡಿತ್ತು. ಶೌ ಅಣ್ಣ ಮಾರನೇ ದಿನದಿಂದ ತಂತಿನೇ ಇಳಿಸ್ಬಿಟ್ಟ. ನನ್ನ ಗಂಟಲೂ ಉಳೀತು, ನಿನ್ನ ಮರ್ಯಾದೆನೂ ಉಳೀತು." ಅವಳು ಹೇಳಿದ್ದು ನಿಜ. ನನ್ನ ಬಾಯಿಯ ಎದುರು ನಿಜ ಹೇಳುವ ಧೈರ್ಯ ಯಾರಿಗಿತ್ತು? ಆಮೇಲೆ ಕೋಪ ಇಳಿಯಿತು. ಇಳಿದ ಜಾಗದಲ್ಲಿ ಆಸ್ಪತ್ರೆಯ ಆ ಕೋಣೆ ಬಂದು ಕೂತಿತು. ನೀನು ಆ ದಿನ ಎಡಗೈಯಲ್ಲಿ ಎಷ್ಟು ಸಲ ಹೇಳಿದೆ, ಇಳಿಸು ಎಂದು. ನಾವು ಮಂಚ ಇಳಿಸಿದೆವು.

ಇರಲಿ. ರೇಷ್ಮೆಯ ನಿಲುವಂಗಿ ನನ್ನ ಪಾಲಿಗೆ ಇರಲಿಲ್ಲ. ಆಫೆಂಗ್‌ಳ ಪಾಲಿನದನ್ನೂ ನಾನೇ ಕಳೆದೆನಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚುತ್ತದೆ. ಅವಳು ಅದರ ಮಾತೇ ಎತ್ತುವುದಿಲ್ಲ. ನಿನ್ನೆ ಕೂಡ "ಯಜಮಾನ್ರೇ" ಎಂದೇ ಕರೆದಳು.

ನಿನ್ನ ಬಲಗೈಗೆ ಬಲ ಬರಲಿ. ನಾಲಿಗೆ ಸಡಿಲವಾಗಲಿ. ನಿಂಗ್ಬೋದ ಗಾಳಿ ಉಪ್ಪು ಗಾಳಿ, ಸಂಜೆ ಕೊರಳಿಗೆ ಬಟ್ಟೆ ಸುತ್ತಿಕೊ. ಮಗ, ಸೊಸೆ, ಮೊಮ್ಮಗಳು ಎಲ್ಲರೂ ಸುಖವಾಗಿರಲಿ. ಆ ಮಗುವಿಗೆ ನಮ್ಮ ಹಾಡಿನ ಒಂದು ಸಾಲಾದರೂ ಕಿವಿಗೆ ಬೀಳಲಿ.

ಇತಿ ನಿನ್ನ ತಂಗಿ,
ಬಿಯಾನ್ ಮೀಲಾನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನನ್ನ ಗಂಡ ಡೆಮಿಂಗ್ ತೀರಿಕೊಂಡ ಚಳಿಗಾಲ ನಾನು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅತ್ತು ಅತ್ತು ಗಂಟಲು ಹರಿದಿತ್ತು. ನೀನೂ ಆಗೆನ್‌ನೂ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ದೋಣಿಕಟ್ಟೆಯ ಪದ್ಯ ನುಡಿಸಿದಿರಿ. ನಾನು ಅಡುಗೆಮನೆಯಿಂದ ಹೊರಗೆ ಬರದೆ ಅಲ್ಲಿಂದಲೇ ಹಾಡಿದೆ. "ಮರಳಿ" ಏರಿತು. ನೀನು ಹೊರಗಿನಿಂದ ಹೇಳಿದೆ. "ಕೂದಲೆಳೆಯಷ್ಟೂ ಇಳಿದಿಲ್ಲ ಮೀಲಾನ್. ಡೆಮಿಂಗ್ ಕೇಳಿಸ್ಕೊಂಡು ಹೋದ ಧ್ವನಿನೇ ಇದು." ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಂಡು ಮಂಟಪಕ್ಕೆ ಬಂದೆ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಬದುಕಿದೆ. ಅವನು ಹೋದ, ಅವನು ಕೇಳಿದ ಧ್ವನಿ ನನ್ನ ಹತ್ತಿರವೇ ಉಳಿದಿದೆ ಎಂದು.

ಬಸ್ಸಿನಲ್ಲಿ ಆಗೆನ್ ನಡುವಿನ ಕೊಳಲು ಮುಟ್ಟಿ ಹೇಳಿದ. "ಇದನ್ನ ಮೊದಲನೇ ಸಲ ಊದಿದ್ದು ನಿಮ್ಮನೆ ಮೆಟ್ಟಿಲ ಮೇಲೆ."

ಆ ಧ್ವನಿ ಡೆಮಿಂಗ್‌ನ ಜೊತೆಗೇ ಹೋಗಿತ್ತು. ಅದಕ್ಕಾಗಿ ನಾನು ಅಳಲೇ ಇಲ್ಲ ಅಣ್ಣ, ಗೊತ್ತಿದ್ದರೆ ತಾನೆ ಅಳುವುದು.

ಇದಕ್ಕೆ ಉತ್ತರ ಬರೆಸಬೇಡ. ಹೋದ ವಾರದಿಂದ ನಿನ್ನ ಮಣೆಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕೂತು ಪಿಟೀಲು ನುಡಿಸುತ್ತಾರೆ. ಅಚ್ಚುಕಟ್ಟಾದ ಕೈ. ದಿನಾ ಬೆಳಿಗ್ಗೆ ಬಿರಡೆ ಹಿಡಿದು ಕೇಳುತ್ತಾರೆ, "ನಿಮ್ಮ ಶ್ರುತಿ ಯಾವುದು ಅಕ್ಕ?" ಎಲ್ಲರೂ ನನ್ನನ್ನು ನೋಡುತ್ತಾರೆ. ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ನಿನ್ನ ಬಲಗೈಗೆ ಮಾತ್ರ. ಗಂಟಲು ಸರಿಯಿಲ್ಲ ಮೇಷ್ಟ್ರೇ, ನೀವು ಮೊದಲು ಆಫೆಂಗ್‌ಗೆ ನುಡಿಸಿ ಎಂದು ಹೇಳಿ, ನಾನು ಎಲ್ಲರಿಗೂ ಚಹಾ ಬಗ್ಗಿಸುತ್ತೇನೆ.